ಬಲಗಡೆಯ ಜಾಗ

೨೦೨೫ರ ಏಪ್ರಿಲ್ ೧೩, ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ರುದ್ರಭೂಮಿಯಲ್ಲಿ ಕುಣಿ ತೋಡಲು ಆದೆಪ್ಪ ಮೇಲಕ್ಕೆತ್ತಿದ ಗುದ್ದಲಿ ಗಾಳಿಯಲ್ಲೇ ನಿಂತಿತು. ಅವನು ಏಟು ಹಾಕಬೇಕಾಗಿದ್ದ ಸುಣ್ಣದ ಗೆರೆಯೊಳಗೆ ಮಲ್ಲೇಶ್ವರಿ ಬಂದು ನಿಂತುಬಿಟ್ಟಿದ್ದಳು.

“ಯವ್ವಾ, ಸರೀರಿ ಆ ಕಡೆ. ಏಟು ತಪ್ಪಿದ್ರ ಒಂದ ಕುಣ್ಯಾಗ ಇಬ್ಬರನ್ನ ಇಡಬೇಕಾಗ್ತೈತಿ.”

“ಮೊದಲ ಅದನ್ನ ಕೆಳಗ ಇಳಸೋ ಆದೆಪ್ಪಾ. ನನ್ನ ಕಾಲ ಮುಂದ ನೋಡು.”

ಆದೆಪ್ಪ ನೋಡಿದ. ಮೊದಲು ಗರಸು ನೆಲವಷ್ಟೇ ಕಂಡಿತು. ಆಮೇಲೆ, ಒಂದು ಬಿಳಿ ಕಲ್ಲಿನ ಪಕ್ಕದಲ್ಲಿ, ಮಣ್ಣಿನದೇ ಬಣ್ಣದ, ಮಸಿ ಸಿಡಿದಂಥ ಕಲೆಗಳ ನಾಲ್ಕು ತತ್ತಿ. ಚೂಪು ತುದಿಗಳನ್ನು ನಡುವೆ ಕೂಡಿಸಿಕೊಂಡು ಹೂವಿನ ಎಸಳಿನಂತೆ ಕೂತಿದ್ದವು. ತನ್ನ ತಲೆಯ ಮೇಲೆ ಅಷ್ಟೊತ್ತಿನಿಂದ ಒಂದು ಹಕ್ಕಿ ಯಾಕೆ ಅರಚುತ್ತ ಎರಗುತ್ತಿದೆ ಎಂಬುದು ಅವನಿಗೆ ಆಗ ತಿಳಿಯಿತು. ಇನ್ನೊಂದು ಹಕ್ಕಿ ಹತ್ತು ಮಾರು ದೂರದಲ್ಲಿ ಹಳದಿ ಕಾಲು ಹಾಕುತ್ತ ಒಂದು ರೆಕ್ಕೆ ಎಳೆದುಕೊಂಡು ಕುಂಟುತ್ತಿತ್ತು. ಕುಂಟೂ ಸುಳ್ಳು, ಗಾಯವೂ ಸುಳ್ಳು. ‘ನನ್ನ ಹಿಂದೆ ಬಾ, ಅಲ್ಲಿ ನಿಲ್ಲಬೇಡ’ ಎಂಬುದಷ್ಟೇ ಅದರ ಆಟ.

“ಟಿಟ್ಟಿ ಹಕ್ಕಿ,” ಎಂದ ಆದೆಪ್ಪ, ಗುದ್ದಲಿ ಇಳಿಸಿ.

ಅಂದಪ್ಪ ಸುಣ್ಣದ ಡಬ್ಬಿ ಹಿಡಿದುಕೊಂಡು ಬಂದ. ತೀರಿಕೊಂಡ ಕೊಟ್ರಬಸಪ್ಪನ ತಮ್ಮ. ಯಲಬುರ್ಗಾದಲ್ಲಿ ಬಟ್ಟೆ ಅಂಗಡಿ. ಅಂಗಿ ಬದಲಿಸಿದರೂ ಕೊರಳಲ್ಲಿನ ಅಳತೆ ಟೇಪು ಬದಲಿಸದ ಮನುಷ್ಯ. ಅಣ್ಣನ ಕುಣಿಗೂ ಅದೇ ಟೇಪಿನಿಂದ ಅಳೆದು ಗೆರೆ ಹಾಕಿದ್ದ.

“ಏನ್ ನಡಸೀದಿ ಮಲ್ಲೂ? ಅಪ್ಪ ಅಲ್ಲೆ ಮನ್ಯಾಗ ಕುಂತಾನ. ನೀ ಇಲ್ಲೆ ಹಕ್ಕಿ ಕಾಯಾಕತ್ತಿ.”

“ಕಾಕಾ, ತತ್ತಿ ಅದಾವ.”

“ಇದ್ರ ಎತ್ತಿ ಆ ಕಡೆ ಇಡೋಣ. ಏನು ಮಹಾ?”

“ಎತ್ತಿಟ್ರ ಮುಗೀತು. ಅವು ತತ್ತಿ ಹುಡಿಕ್ಕೊಂಡು ಬರಂಗಿಲ್ಲ, ಜಾಗಾ ಹುಡಿಕ್ಕೊಂಡು ಬರ್ತಾವ. ಜಾಗದಾಗ ಇಲ್ಲಂದ್ರ ಬಿಟ್ಟು ಹೋಗ್ತಾವ. ಈ ಬಿಸಲಾಗ ಅರ್ಧಾ ತಾಸು ಬಿಟ್ರ ತತ್ತಿ ಬೆಂದು ಹೋಗ್ತಾವ.”

ಸುಣ್ಣದ ಗೆರೆಯ ಆಚೆ, ಬಿಳಿ ಹಂಚು ಹಾಕಿದ ಸಮಾಧಿ ಮಲ್ಲೇಶ್ವರಿಯ ತಾಯಿ ಕಳಕಮ್ಮನದು. ಅವಳು ಹೋಗಿ ಆರು ವರ್ಷ. ಅವಳ ಬಲಗಡೆಯ ಈ ಜಾಗವನ್ನು ಕೊಟ್ರಬಸಪ್ಪ ಅವತ್ತೇ ತನಗೆಂದು ಹೇಳಿಟ್ಟಿದ್ದ.

“ಹಂಗಾರ ಆ ಬೇವಿನ ಗಿಡದ ಕೆಳಗ ತೋಡ್ಸೋಣ,” ಎಂದ ಅಂದಪ್ಪ.

“ಅವ್ವನ್ನ ಇಲ್ಲೆ ಬಿಟ್ಟು, ಅಪ್ಪನ್ನ ಆ ತುದೀಗೇನು? ಆಗಂಗಿಲ್ಲ ಕಾಕಾ.”

ಆದೆಪ್ಪ ಗುದ್ದಲಿಯ ಕಾವಿನಿಂದ ಕಳಕಮ್ಮನ ಸಮಾಧಿಯ ಇನ್ನೊಂದು ಮಗ್ಗುಲು ತೋರಿಸಿದ. “ಈ ಕಡೆ ಖಾಲಿ ಐತಲ್ರಿ?”

“ಎಡಕ್ಕ?” ಅಂದಪ್ಪನ ದನಿಗೆ ಹಕ್ಕಿಯೇ ಬೆದರಿ ಮೇಲಕ್ಕೇರಿತು. “ತೆಲಿ ಐತೇನಲೇ? ನಮ್ಮಜ್ಜ ನೋಡು, ನಮ್ಮವ್ವ ಅಪ್ಪ ನೋಡು. ಎಲ್ಲಾರೂ ಸಾಲಾಗಿ ಹೆಂಗ ಕುಂತಾರ? ಗಂಡ ಬಲಕ್ಕ, ಹೆಂಡ್ತಿ ಎಡಕ್ಕ. ತಿರುಗಾ ಮುರುಗಾ ಕುಂದ್ರಸಿದ್ರ ನಾಳಿ ಬೀಗರು ಏನಂತಾರ? ಸಾವಿರ ಮಂದಿಗೆ ಸೀರಿ ಅಳದ ಕೊಟ್ಟ ಅಂದಪ್ಪಗ ಅಣ್ಣನ್ನ ಮಣ್ಣು ಮಾಡೂದು ಬರ್ಲಿಲ್ಲ ಅಂತಾರ.”

ಮಲ್ಲೇಶ್ವರಿ ಗೆರೆ ಬಿಟ್ಟು ಕದಲಲಿಲ್ಲ. ಅಂದಪ್ಪ ಟೇಪನ್ನು ಕೊರಳಿಂದ ತೆಗೆದು, ಸುತ್ತಿ, ಮತ್ತೆ ಬಿಚ್ಚಿದ.

“ಎಂಟಕ್ಕ ಅಜ್ಜಾರು ಮನಿಗೆ ಬರ್ತಾರ. ಅವ್ರು ಅಂದಂಗ ಆಗ್ಲಿ. ಬಲಕ್ಕ ಅಂದ್ರ ನೀ ಗಪ್ಪ ಸರೀಬೇಕು. ಒಪ್ಪಿಗಿ ಐತಿಲ್ಲೋ?”

ಹೂಂ ಎನ್ನದೆ ಅವಳಿಗೆ ಬೇರೆ ದಾರಿ ಇರಲಿಲ್ಲ. ಮಠದ ಅಜ್ಜಾರು ಶಾಸ್ತ್ರದ ಮನುಷ್ಯ. ಬಲಕ್ಕೇ ಅನ್ನುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಹನ್ನೆರಡು ದಿನದ ಹಿಂದೆ ಇದೇ ಜಾಗದಲ್ಲಿ ಈ ಬಿಳಿ ಕಲ್ಲು ತಂದಿಟ್ಟು ಅಪ್ಪ ಅಂದಿದ್ದ: “ನನ್ನ ಜಾಗಾಕ್ಕ ಬಾಡಿಗಿಯವ್ರು ಬಂದಾರವ್ವಾ. ಅವ್ರು ಖಾಲಿ ಮಾಡೂತನಕ ನಾ ಸಾಯಂಗಿಲ್ಲ.”

ನಿನ್ನೆ ಸಂಜೆ ಅಪ್ಪ ತನ್ನ ಸ್ಟುಡಿಯೋದಲ್ಲಿ, ಒಬ್ಬ ಹುಡುಗಿಯ ಪಾಸ್‌ಪೋರ್ಟ್ ಫೋಟೋ ತೆಗೆದು, “ಛಲೋ ಬಂತು” ಎಂದು, ಸ್ಟೂಲಿನ ಮೇಲೆ ಕೂತವನು ಏಳಲಿಲ್ಲ.

*

ಬಜಾರದ ಓಣಿಯ ಆ ಸ್ಟುಡಿಯೋದಲ್ಲಿ ಕೊಪ್ಪಳದ ಅರ್ಧ ಊರು ಗದ್ದ ಎತ್ತಿ ಕೂತಿದೆ. ಹಾಲ್ ಟಿಕೆಟ್ಟಿಗೆ, ರೇಷನ್ ಕಾರ್ಡಿಗೆ, ವರನ ಕಡೆಯವರಿಗೆ ಕಳಿಸುವುದಕ್ಕೆ. ಕರೆಂಟು ನೆಚ್ಚಲಾಗದ ಕಾಲದಲ್ಲಿ ಕೆಲಸ ಕಲಿತವನು ಕೊಟ್ರಬಸಪ್ಪ. ಬೆಳಕು ಕಡಿಮೆ ಇದ್ದಷ್ಟೂ ಕ್ಯಾಮೆರಾದ ಕಣ್ಣು ಹೆಚ್ಚು ಹೊತ್ತು ತೆರೆದಿರಬೇಕು. ಅಷ್ಟು ಹೊತ್ತು ಕೂತವರು ಅಲುಗಬಾರದು. ಅದಕ್ಕಾಗಿ ಅವನದೊಂದು ಸನ್ನೆ ಇತ್ತು. ಬಲಗೈ ಎತ್ತಿ, ಅಂಗೈ ಕೆಳಗೆ ಮಾಡಿ, ಕಾಣದ ಬೆಕ್ಕಿನ ಬೆನ್ನು ಸವರಿದ ಹಾಗೆ ಮೆಲ್ಲಗೆ ಇಳಿಸುತ್ತಿದ್ದ. ಅಳುವ ಕೂಸೂ ಆ ಕೈ ನೋಡಿ ಸುಮ್ಮನಾಗುತ್ತಿತ್ತು.

ಎಲ್ಲರ ಕೈಗೂ ಮೊಬೈಲು ಬಂದಮೇಲೆ ಸ್ಟುಡಿಯೋದಲ್ಲಿ ಕೂಸುಗಳು ಕಡಿಮೆಯಾದವು. ಅದೇ ಹೊತ್ತಿಗೆ ಡಾಕ್ಟರು ಸಕ್ಕರೆ ಕಾಯಿಲೆಗೆ ನಡೆಯಿರಿ ಎಂದರು. ಬೆಳಿಗ್ಗೆ ಕೆರೆ ಪಾರ್ಕಿಗೆ ಹೋಗುವವನು ಖಾಲಿ ಕೈಯಲ್ಲಿ ಹೇಗೆ ಹೋಗುವುದು ಎಂದು ಕ್ಯಾಮೆರಾ ಹಾಕಿಕೊಂಡು ಹೋದ. ಕಳಕಮ್ಮ ಹೋದಮೇಲೆ ಮಗಳು ಜೊತೆಯಾದಳು. ಬಿ.ಎಸ್ಸಿ. ಮುಗಿಸಿ ಇಪ್ಪತ್ತು ವರ್ಷದಿಂದ ಅದೇ ಸ್ಟುಡಿಯೋದ ಕಂಪ್ಯೂಟರಿನ ಮುಂದೆ ಕೂತವಳು. ಗಂಡ ಗವಿಸಿದ್ದೇಶ ಕುಷ್ಟಗಿ ಬಸ್ಸಿನ ಕಂಡಕ್ಟರು. ಅವನ ಮೊದಲ ಟ್ರಿಪ್ಪಿಗೆ ಬುತ್ತಿ ಕಟ್ಟಿ, ಅವಳು ಅಪ್ಪನ ಹಿಂದೆ ಹೊರಡುತ್ತಿದ್ದಳು.

ಪಾರ್ಕೆಂದರೆ ಏನು? ಕೆರೆ ಏರಿಯ ಕೆಳಗೆ ಒಂದು ಸುತ್ತು ಹಾಸುಗಲ್ಲು ದಾರಿ, ನೀಲಿ ಹಳದಿ ಬಣ್ಣದ ಕಸರತ್ತಿನ ಯಂತ್ರಗಳು, ನಾಲ್ಕು ಹುಣಸೆ ಗಿಡ, ನೀರಿನಂಚಿಗೆ ಜಾಲಿ. ಆದರೆ ಬೆಳಗಿನ ಆರಕ್ಕೆ ಜಾಲಿಯ ಮೇಲೆ ನೀರುಕಾಗೆಗಳು ರೆಕ್ಕೆ ಒಣಹಾಕಿ ಕೂತಿರುತ್ತಿದ್ದವು. ಹುಣಸೆಯ ಪೊಟರೆಯಲ್ಲಿ ಜೋಡಿ ಹಾಲಕ್ಕಿ, ಗಂಡನ ಮನೆಗೆ ಬಂದ ಹೊಸ ಸೊಸೆಯನ್ನು ನೋಡುವ ಅತ್ತೆಯರಂತೆ, ಒಂದೇ ಸಲಕ್ಕೆ ಕತ್ತು ತಿರುಗಿಸುತ್ತಿದ್ದವು.

ಒಂದು ದಿನ ಮಿಂಚುಳ್ಳಿಯೊಂದು ಬಂದು ಕಸರತ್ತಿನ ಯಂತ್ರದ ಹಿಡಿಕೆಯ ಮೇಲೆ ಕೂತಿತು. ಬಾಯಲ್ಲಿ ಹೊಳೆಯುವ ಮೀನು. ಅಲ್ಲೇ ಎದುರಿಗೆ ನಗೆಕೂಟದವರು ಕೈ ಮೇಲೆತ್ತಿ ಹೊಟ್ಟೆ ಅಲುಗಾಡಿಸಿ ನಗುತ್ತಿದ್ದರು. ಕೊಟ್ರಬಸಪ್ಪ ಕೈ ಎತ್ತಿ, ಇಳಿಸಿದ. ನಗುತ್ತಿದ್ದವರೆಲ್ಲ ಎತ್ತಿದ ಕೈ ಎತ್ತಿದಂತೆ, ತೆರೆದ ಬಾಯಿ ತೆರೆದಂತೆ ನಿಂತರು. ಮಿಂಚುಳ್ಳಿ ಮೀನನ್ನು ಹಿಡಿಕೆಗೆ ಎರಡು ಸಲ ಬಡಿದು, ನುಂಗಿ, ಹಾರಿಹೋಯಿತು. ಆಮೇಲೆ ಬಂದ ನಗೆ ಆ ಕೂಟಕ್ಕೆ ಅಷ್ಟು ವರ್ಷದಲ್ಲಿ ಬಂದಿರಲಿಲ್ಲ.

“ಬಸಪ್ಪಣ್ಣ, ಮಂದಿ ನಗೂದನ್ನೂ ನಿಲ್ಲಸ್ತೀಯಲ್ಲೋ ಮಾರಾಯಾ,” ಎಂದ ಅಬ್ದುಲರೌಫ. ಸೈಕಲ್ ಅಂಗಡಿಯವನು, ವಾಕಿಂಗಿನ ಜೊತೆಗಾರ. “ಪಾರ್ಕಿನ ಟ್ರಾಫಿಕ್ ಪೊಲೀಸ ಆಗೀದಿ ನೀ.”

“ದಂಡಾ ಕಟ್ಟು ಹಂಗಾರ. ನಿನ್ನ ಚಪ್ಲಿ ಸಪ್ಪಳ ಮಾಡ್ತು.”

ಮಲ್ಲೇಶ್ವರಿಗೆ ಈ ಪೊಲೀಸಗಿರಿ ಮೊದಮೊದಲು ನಾಚಿಕೆ ತರುತ್ತಿತ್ತು. ಆದರೆ ಅಪ್ಪನ ಒಂದು ನಿಯಮ ಅವಳಿಗೆ ಬಲು ಬೇಗ ಹಿಡಿಸಿತು. ಹಕ್ಕಿ ಕಂಡ ಕೂಡಲೇ ಅವನು ಕ್ಯಾಮೆರಾ ಎತ್ತುತ್ತಿರಲಿಲ್ಲ. ಮಡಚುವ ಸ್ಟೂಲು ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದ. “ನಿಂತ ಮನಷ್ಯಾಗ ಅಂಜತಾವ. ಕುಂತವಗ ಅಂಜಂಗಿಲ್ಲ. ಕುಂತವ ಏನೂ ಕಸಗೊಂಡು ಓಡಂಗಿಲ್ಲ ನೋಡು.”

ಕಳೆದ ಬೇಸಿಗೆಯಲ್ಲಿ ಪಾರ್ಕಿನ ಬಯಲಲ್ಲೇ ಟಿಟ್ಟಿ ಹಕ್ಕಿ ತತ್ತಿ ಇಟ್ಟಿತ್ತು. ಮಧ್ಯಾಹ್ನದ ಬಿಸಿಲಿಗೆ ಹಕ್ಕಿ ಕೆರೆಗೆ ಹೋಗಿ ಎದೆ ಹೊಟ್ಟೆ ತೋಯಿಸಿಕೊಂಡು ಬಂದು ತತ್ತಿಯ ಮೇಲೆ ಕೂರುವುದನ್ನು ಮಲ್ಲೇಶ್ವರಿ ತೋರಿಸಿದಳು. ಒದ್ದೆ ಪುಕ್ಕ ಆರುವಾಗ ಶಾಖ ಹೀರಿಕೊಳ್ಳುತ್ತದೆ, ತತ್ತಿ ತಂಪಾಗುತ್ತದೆ ಎಂದು ವಿವರಿಸಿದಳು. ಅಪ್ಪ ಬಹಳ ಹೊತ್ತು ನೋಡಿ ಅಂದ: “ನಿಮ್ಮವ್ವ ಸೆರಗು ತೋಯ್ಸಿ ನಿನ್ನ ಮ್ಯಾಲೆ ಹೊಚ್ಚಿ ಮಲಗಸ್ತಿದ್ಲು. ಕರೆಂಟ್ ಇರ್ತಿರ್ಲಿಲ್ಲಲ್ಲ.”

ಮೂರನೇ ದಿನ ಅಲ್ಲಿ ಯಾರೋ ಕ್ರಿಕೆಟ್ ಆಡಿದರು. ತತ್ತಿಯ ಸಿಪ್ಪೆ ಮಾತ್ರ ಉಳಿಯಿತು. ಜೋಡಿ ಹಕ್ಕಿಗಳು ಅದೇ ಜಾಗದ ಮೇಲೆ ಸಂಜೆಯ ತನಕ ಸುತ್ತಿದವು. ಕೊಟ್ರಬಸಪ್ಪ ಸ್ಟೂಲಿನ ಮೇಲೆ ಸಂಜೆಯ ತನಕ ಕೂತ. ಒಂದೂ ಫೋಟೋ ತೆಗೆಯಲಿಲ್ಲ.

ಈ ವರ್ಷ ಅವು ಏರಿಯ ಆಚೆಯ ರುದ್ರಭೂಮಿಗೆ ಹೋದವು. ಅಲ್ಲಿ ಯಾರೂ ಕ್ರಿಕೆಟ್ ಆಡುವುದಿಲ್ಲ.

*

ಎಂಟು ಗಂಟೆಗೆ ಮನೆಯ ಪಡಸಾಲೆ ತುಂಬಿತ್ತು. ಕೊಟ್ರಬಸಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಎದೆಗೆ ಶಾಲು ಸುತ್ತಿ ಕಟ್ಟಿದ್ದರು. ಹಣೆ ತುಂಬ ವಿಭೂತಿ, ತಲೆಗೆ ರುಮಾಲು. ಮಠದ ಅಜ್ಜಾರು ಪತ್ರಿ ಬುಟ್ಟಿ ಪಕ್ಕಕ್ಕಿಟ್ಟುಕೊಂಡು ಗೋಡೆಗೊರಗಿದ್ದರು.

ಮಣ್ಣಿಗೆ ಮೊದಲು ಒಂದು ಫೋಟೋ ಆಗಬೇಕು. ಕೂರಿಸಿದ ಹಿರಿಯನ ಹಿಂದೆ ಮನೆಮಂದಿಯೆಲ್ಲ ನಿಂತು ತೆಗೆಸಿಕೊಳ್ಳುವ ಕಡೆಯ ಫೋಟೋ. ಊರಲ್ಲಿ ಯಾವ ಮನೆಯಲ್ಲಿ ಸಾವಾದರೂ ಮೊದಲು ಅಳು ಕೇಳುತ್ತಿತ್ತು, ಆಮೇಲೆ ಕೊಟ್ರಬಸಪ್ಪನ ಸ್ಕೂಟರು.

“ಎಲ್ಲಾರ ಹೆಣದ ಫೋಟೋ ತಗದವಂದು ತಗಿಯವ್ರ ಯಾರವ್ವಾ?” ಎಂದಳು ಎದುರು ಮನೆಯ ಪಕ್ಕೀರವ್ವ, ಮೂಗು ಒರೆಸಿಕೊಳ್ಳುತ್ತ. “ಬಸಪ್ಪಾ, ನೀನ ಎದ್ದು ತಗದು ಮತ್ತ ಕುಂದ್ರೋ ಯಪ್ಪಾ.”

ಅಳುವವರ ನಡುವೆ ಒಂದಿಬ್ಬರು ನಕ್ಕರು. ಬಾಗಿಲಲ್ಲಿದ್ದ ರೌಫ ನಗುತ್ತಲೇ ಮುಖ ಆ ಕಡೆ ಮಾಡಿದ.

“ಬ್ಯಾರೆ ಸ್ಟುಡಿಯೋದವಗ ಫೋನ್ ಹಚ್ಚೀನಿ,” ಎಂದ ಅಂದಪ್ಪ.

“ಬ್ಯಾಡ ಕಾಕಾ. ನಾ ತಗೀತೀನಿ.”

ಮಲ್ಲೇಶ್ವರಿ ಅಪ್ಪನ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಹಾಕಿದಳು. ಮನೆಯವರು ಕುರ್ಚಿಯ ಹಿಂದೆ ಸಾಲಾದರು. ಅವಳು ಕಣ್ಣು ಹಚ್ಚಿದಳು. ಬೆಳಕು ಸಾಲದು, ಕಿಟಕಿ ತೆಗೆಸಿದಳು. ಚೌಕಟ್ಟು ಸರಿಯಿತ್ತು. ಒಂದು ಮಾತ್ರ ತಪ್ಪಿತ್ತು: ಅಪ್ಪನ ಗದ್ದ ಎದೆಗೆ ಇಳಿದಿತ್ತು. ಆ ಮಾತು ಹೇಳುವುದು ಯಾವಾಗಲೂ ಅವನೇ. ಸತ್ತವರಿಗೂ ಬದುಕಿದ್ದವರಿಗೂ ಒಂದೇ ಮಾತು, ಒಂದೇ ದನಿ. ಪಡಸಾಲೆ ಕಾಯುತ್ತಿತ್ತು.

“ಗದ್ದ... ತುಸು ಮ್ಯಾಲೆ,” ಎಂದಳು ಮಲ್ಲೇಶ್ವರಿ.

ಅಂದಪ್ಪನೇ ಬಗ್ಗಿ ಅಣ್ಣನ ಗದ್ದಕ್ಕೆ ಎರಡು ಬೆರಳು ಹಚ್ಚಿ ಎತ್ತಿದ. ಅಂಗಡಿ ತೆರೆದ ದಿನ ಗಾದಿಯ ಮೇಲೆ ತನ್ನನ್ನು ಕೂರಿಸಿ ಹೀಗೇ ಗದ್ದ ಎತ್ತಿ ಅಣ್ಣ ತೆಗೆದ ಫೋಟೋ ಅವನಿಗೆ ನೆನಪಾಗಿರಬೇಕು. “ಯಣ್ಣಾ,” ಎಂದ, ಅಷ್ಟೇ. ಬೆಳಗಿನಿಂದ ಅಳತೆ, ಸುಣ್ಣ, ಬಿದಿರು, ಶಾಮಿಯಾನ ಎಂದು ಓಡಾಡಿ ತಡೆದದ್ದೆಲ್ಲ ಒಂದೇ ಸಲಕ್ಕೆ ಹರಿಯಿತು.

ಮಲ್ಲೇಶ್ವರಿ ಕಣ್ಣು ತೆಗೆಯಲಿಲ್ಲ. ತೆಗೆದಿದ್ದರೆ ಅವಳೂ ಅತ್ತುಬಿಡುತ್ತಿದ್ದಳು. ಚೌಕಟ್ಟಿನ ಒಳಗೇ ನೋಟ ಓಡಾಡಿಸಿದಳು: ಅಪ್ಪ, ಕಾಕಾ, ಗವಿಸಿದ್ದೇಶ, ಅವರ ತಲೆಗಳ ಮೇಲೆ ಗೋಡೆ, ಗೋಡೆಯ ಮೇಲೆ ಅಪ್ಪ ಅವ್ವನ ಮದುವೆಯ ಫೋಟೋ.

ಹುಟ್ಟಿದಾಗಿನಿಂದ ನೋಡಿದ ಫೋಟೋ ಅದು. ಕ್ಯಾಮೆರಾದೊಳಗಿಂದ ನೋಡಿದ್ದು ಅದೇ ಮೊದಲು. ಅವಳ ಬೆರಳು ಗುಂಡಿಯ ಮೇಲೆ ನಿಂತಿತು.

*

೧೯೮೧ರಲ್ಲಿ ಕೊಟ್ರಬಸಪ್ಪ ಗಂಗಾವತಿಯ ಒಂದು ಸ್ಟುಡಿಯೋದಲ್ಲಿ ಕತ್ತಲೆ ಕೋಣೆಯ ಕೆಲಸಕ್ಕಿದ್ದ. ಮದುವೆಗೆ ಮಾಲೀಕರೇ ಬಂದು ಫೋಟೋ ತೆಗೆದರು. “ನಿನ್ನ ಮದವಿ ಫೋಟೋ ನೀನ ತೊಳಕೋ,” ಎಂದು ಫಿಲಂ ಅವನ ಕೈಗೇ ಕೊಟ್ಟರು. ಹೊಸ ಮದುಮಗ. ಕೆಂಪು ದೀಪದ ಕೆಳಗೆ, ಔಷಧದ ನೀರಿನ ತಟ್ಟೆಯೊಳಗೆ, ಹೆಂಡತಿಯ ಮುಖ ಮೆಲ್ಲಗೆ ಮೂಡುವುದನ್ನು ನೋಡುವ ಅವಸರ. ಫಿಲಂ ಹಿಂದುಮುಂದಾಗಿ ಹಾಕಿ ಎಡ ಬಲ ಅದಲುಬದಲಾದದ್ದು ಅವನ ಗಮನಕ್ಕೆ ಬರಲಿಲ್ಲ. ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಮನೆಗೆ ತಂದ.

ಕಳಕಮ್ಮ ಒಂದು ಗಳಿಗೆ ನೋಡಿದಳು.

“ಏನ್ರಿ, ನಿಮ್ಮ ಅಂಗಿ ಕಿಸೆ ಬಲಕ್ಕ ಹೋಗೈತಿ?”

ಅವನು ಬಗ್ಗಿ ಫೋಟೋ ನೋಡಿದ.

“ಗಡಿಯಾರ ಬಲಗೈಗೆ ಕಟ್ಟೀರಿ. ನನ್ನ ಗಲ್ಲದ ಮಚ್ಚಿ ಈ ಕಡೆ ಇದ್ದದ್ದು ಆ ಕಡೆ ಬಂದೈತಿ. ಮತ್ತ ನಾ ನಿಮ್ಮ ಎಡಕ್ಕ ನಿಂತಾಕಿ ಬಲಕ್ಕ ಹೆಂಗ ಬಂದೆ?”

“ತಪ್ಪಾತು. ತಾ ಇಲ್ಲೆ, ಇನ್ನೊಂದು ಮಾಡ್ತೀನಿ.”

ಕಳಕಮ್ಮ ಕೊಡಲಿಲ್ಲ. ಫೋಟೋವನ್ನು ಎದೆಗವಚಿಕೊಂಡು ನಕ್ಕಳು. “ಇರ್ಲಿ ಬಿಡ್ರಿ. ಮಂದಿ ಮುಂದ ಒಂದು ದಿನ ಎಡಕ್ಕ ನಿಂತೀನಿ, ಸಾಕು. ಇನ್ನ ಮ್ಯಾಲೆ ನಾ ಬಲಕ್ಕ ಇರಾಕಿ.”

ಊರಿನ ಮದುವೆಗಳನ್ನೆಲ್ಲ ಸರಿಯಾಗಿ ತೊಳೆದುಕೊಟ್ಟವನ ಸ್ವಂತ ಮದುವೆ ಹೀಗೆ ತಿರುಗಿಕೊಂಡೇ ಗೋಡೆಯ ಮೇಲೆ ಉಳಿಯಿತು. ಬಂದವರಿಗೆಲ್ಲ ಕಳಕಮ್ಮ ಅದನ್ನು ತೋರಿಸಿ ನಗಿಸುತ್ತಿದ್ದಳು.

*

“ಮಲ್ಲೂ, ಒತ್ತವ್ವಾ. ಕೈ ಸೋಲಾಕತ್ತೈತಿ,” ಎಂದ ಅಂದಪ್ಪ.

ಅವಳು ಒತ್ತಿದಳು. ಆಮೇಲೆ ನೆಟ್ಟಗೆ ನಿಂತು, “ಕಾಕಾ, ಹಿಂದ ತಿರಿಗಿ ಮ್ಯಾಲೆ ನೋಡ್ರಿ,” ಎಂದಳು.

ಅಂದಪ್ಪ ತಿರುಗಿದ. ಸಾಲೆಲ್ಲ ತಿರುಗಿತು.

“ಅವ್ವ ಯಾವ ಕಡೆ ನಿಂತಾಳ?”

ಉತ್ತರ ಪಕ್ಕೀರವ್ವನಿಂದ ಬಂತು. “ಬಲಕ್ಕ! ‘ಇನ್ನ ಮ್ಯಾಲೆ ನಾ ಬಲಕ್ಕ ಇರಾಕಿ’ ಅಂದಾಕಿ ಅಕಿ. ನನ್ನ ಮುಂದ ಎಷ್ಟು ಸಲ ಹೇಳ್ಯಾಳ. ಈ ಮನ್ಯಾಗ ಬಸಪ್ಪ ಎಡಕ್ಕ ಅಂದ್ರ ಎಡಕ್ಕ.”

ಗವಿಸಿದ್ದೇಶ ಸ್ಟೂಲು ಹತ್ತಿ ಫೋಟೋ ಇಳಿಸಿ ಅಜ್ಜಾರ ಮುಂದೆ ಹಿಡಿದ. ಮಲ್ಲೇಶ್ವರಿ ತತ್ತಿಯ ಸಂಗತಿ, ಬಿಳಿ ಕಲ್ಲಿನ ಸಂಗತಿ, ಬಾಡಿಗೆಯವರ ಸಂಗತಿ ಹೇಳಿದಳು. ಎಡಕ್ಕೆ ತೋಡಿದರೆ ಹಕ್ಕಿಯೂ ಉಳಿಯುತ್ತದೆ, ಅವ್ವನ ಪಕ್ಕವೂ ಉಳಿಯುತ್ತದೆ, ಅವ್ವನ ಮಾತೂ ಉಳಿಯುತ್ತದೆ.

ಅಜ್ಜಾರು ಕನ್ನಡಕ ಹಾಕಿಕೊಂಡು ಕಿಸೆ ನೋಡಿದರು, ಗಡಿಯಾರ ನೋಡಿದರು, ಮಚ್ಚೆ ನೋಡಿದರು. ಅವರ ಬಿಳಿ ಮೀಸೆ ಅಲುಗಿತು.

“ಹೆಂಡ್ತಿ ಎಡಕ್ಕ ಅಂತೈತಿ ಶಾಸ್ತ್ರ. ಶಾಸ್ತ್ರ ಬರದವ್ರು ಈ ತಾಯೀನ್ನ ಕೇಳಿದ್ದಿಲ್ಲ ಕಾಣ್ತೈತಿ.” ಫೋಟೋ ಹಿಂದಕ್ಕೆ ಕೊಟ್ಟರು. “ಗೋಡಿ ಮ್ಯಾಲೆ ಇಷ್ಟು ವರ್ಷ ನಡದದ್ದು ಮಣ್ಣಾಗ ನಡಿಯಂಗಿಲ್ಲೇನು? ಅಂದಪ್ಪಾ, ಏನಂತಿ?”

ಅಂದಪ್ಪ ಟೇಪಿನ ತುದಿಯಿಂದಲೇ ಕಣ್ಣು ಒರೆಸಿಕೊಂಡ. “ವೈನಿ ಮಾತಿಗೆ ಅಣ್ಣನ ಎದುರಾಡಲಿಲ್ಲ. ನಾ ಯಾವ ಗಿಡದ ತೊಪ್ಪಲ್ರಿ?”

“ನಿಮ್ಮ ಬೀಗರು?” ಎಂದ ರೌಫ ಬಾಗಿಲಿಂದ.

“ಬೀಗರು ಕೇಳಿದ್ರ ಈ ಫೋಟೋ ತೋರಸ್ತೀನಿ. ಹೊಳ್ಳಿ ಮಾತಾಡ್ಲಿ ನೋಡೋಣ!”

*

ಆದೆಪ್ಪ ಎಡಗಡೆಗೆ ಅಗೆಯಲು ನಿಂತಾಗ ಬಿಸಿಲಿಗೆ ಇನ್ನೂ ಬಿರುಸು ಬಂದಿರಲಿಲ್ಲ. ಮಲ್ಲೇಶ್ವರಿ ಅಪ್ಪನ ಸ್ಟೂಲು ಹಾಕಿಕೊಂಡು ಬೇವಿನ ನೆರಳಲ್ಲಿ ಕೂತಳು. ಮೊದಲ ಏಟಿಗೇ ಹಕ್ಕಿಗಳು ಎದ್ದು ಆಕಾಶವನ್ನು ಹರಿದುಹಾಕುವ ಹಾಗೆ ಕೂಗಿದವು. ಅವಳು ಆದೆಪ್ಪನಿಗೆ ಕೈ ಮಾಡಿದಳು, ಅವನು ಕೂತ, ಹಕ್ಕಿ ಇಳಿಯಿತು. ಮತ್ತೆ ಎದ್ದ, ಅಗೆದ, ಕೂತ.

“ಹಿಂಗ ಎದ್ದು ಕುಂತು ಮಾಡಿದ್ರ ಇದು ಕುಣಿ ಅಲ್ರಿ ಯವ್ವಾ, ಕಸರತ್ತು,” ಎಂದ ಅವನು. “ಪಾರ್ಕಿನ್ಯಾಗ ಮಾಡ್ತಾರಲ್ಲ, ಹಂಗಾತು.”

ಮೊಣಕಾಲು ಆಳವಾಯಿತು. ಸೊಂಟದ ಆಳವಾಯಿತು. ಮಲ್ಲೇಶ್ವರಿ ಎಣಿಸದೇ ಇದ್ದ ಸಂಗತಿಯೊಂದು ಆಗ ನಡೆಯಿತು. ಕುಣಿ ಇಳಿದಂತೆಲ್ಲ ಆದೆಪ್ಪನೂ ಇಳಿಯುತ್ತಿದ್ದ. ನಿಂತ ಮನುಷ್ಯ ಹಕ್ಕಿಗಳ ಕಣ್ಣಿಗೆ ಗಿಡ್ಡನಾಗುತ್ತ ಹೋಗಿ, ಕಡೆಗೆ ಒಂದು ರುಮಾಲು ಮಾತ್ರ ಉಳಿದು, ಅದೂ ಮರೆಯಾಯಿತು. 

ಹಕ್ಕಿ ಓಡೋಡಿ ಬಂದು ತತ್ತಿಯ ಮೇಲೆ ಕೂತಿತು. ಒಳಗಿಂದ ಮಣ್ಣು ಹಾರಿ ಹಾರಿ ಬೀಳುತ್ತಿತ್ತು. ಹಕ್ಕಿ ತಲೆ ಓರೆ ಮಾಡಿ ನೋಡಿ, ಮಣ್ಣು ಹಾರುವುದು ಮಣ್ಣಿನ ಸ್ವಭಾವ ಎಂದುಕೊಂಡಿತೋ ಏನೋ, ಕದಲಲಿಲ್ಲ.

ಮಧ್ಯಾಹ್ನ ನೆಲ ಕಾದ ಹೆಂಚಾಯಿತು. ಮಲ್ಲೇಶ್ವರಿ ಮನೆಗೆ ಹೋಗಿ ಬರುವಾಗ ಏರಿಯ ಮೇಲಿಂದ ನೋಡಿದಳು. ಒಂದು ಹಕ್ಕಿ ಕೆರೆಯಿಂದ ಎದ್ದು, ಎದೆಯಿಂದ ನೀರು ತೊಟ್ಟಿಕ್ಕಿಸುತ್ತ, ಪಾರ್ಕು ದಾಟಿ ಈ ಕಡೆಗೇ ಹಾರುತ್ತಿತ್ತು.

*

ಸಂಜೆ ಐದಕ್ಕೆ ಹೊರುವವರ ಹೆಗಲ ಮೇಲೆ ವಿಮಾನ ಎದ್ದಿತು. ಬಿದಿರಿನ ಮಂಟಪದೊಳಗೆ ಚೆಂಡುಹೂವಿನ ನಡುವೆ ಕೂತು ಕೊಟ್ರಬಸಪ್ಪ ಬಜಾರ ದಾಟಿದ. ಮುಂದೆ ದುರಗೇಶನ ಹಲಗೆಯ ಮೇಳ. ರುದ್ರಭೂಮಿಗೆ ಹತ್ತಿರದ ದಾರಿ ಪಾರ್ಕಿನ ಒಳಗಿಂದಲೇ. ಸಂಜೆಯ ವಾಕಿಂಗಿನವರು, ಬೆಳಗಿನ ನಗೆಕೂಟದವರು, ಕಡಲೆ ಮಾರುವವಳು, ಎಲ್ಲ ಹಾಸುಗಲ್ಲಿನ ದಾರಿಯ ಎರಡೂ ಬದಿಗೆ ನಿಂತಿದ್ದರು. ಅವನು ದಿನಾ ನಡೆದ ಸುತ್ತನ್ನು ಹೊತ್ತವರು ಪೂರ್ತಿ ಒಂದು ಸಲ ಹಾಕಿಸಿದರು. ಯಾರೂ ಹೇಳಿರಲಿಲ್ಲ, ಹೆಗಲು ಕೊಟ್ಟ ರೌಫ ಆ ಕಡೆ ತಿರುಗಿದ, ಉಳಿದವರು ತಿರುಗಿದರು. ಹಲಗೆಗೆ ಹುರುಪು ಬಂತು. ಜಾಲಿಯ ನೀರುಕಾಗೆಗಳು ರೆಕ್ಕೆ ಬಿಚ್ಚಿಕೊಂಡೇ ಈ ಮೆರವಣಿಗೆ ನೋಡಿದವು. ನಗೆಕೂಟದವನೊಬ್ಬ ಕಣ್ಣೊರೆಸಿಕೊಂಡು, “ನಗೋಣೇನ್ರಿ?” ಎಂದು ಕೇಳಿದ. “ಬಸಪ್ಪಣ್ಣ ಬ್ಯಾಡ ಅಂದಾನೇನು, ನಗು,” ಎಂದ ರೌಫ. ಅವರು ಕೈ ಮೇಲೆತ್ತಿ ನಕ್ಕರು. ಅಷ್ಟು ದೊಡ್ಡ ನಗೆ, ಅಷ್ಟು ದೊಡ್ಡ ಹಲಗೆಯ ಸದ್ದು ಆ ಪಾರ್ಕಿನಲ್ಲಿ ಹಿಂದೆಂದೂ ಕೂಡಿರಲಿಲ್ಲ.

ಏರಿಯ ತಿರುವು ಬಂತು. ಆಚೆ ರುದ್ರಭೂಮಿ.

ಮಲ್ಲೇಶ್ವರಿ ಮುಂದೆ ಓಡಿ ಬಂದು ಮೆರವಣಿಗೆಗೆ ಎದುರಾಗಿ ನಿಂತಳು. ಇಷ್ಟು ಮಂದಿಗೆ ಏನೆಂದು ಕೂಗಿ ಹೇಳುವುದು? ಕೂಗಿದರೆ ಕೆಟ್ಟಿತು. ಅವಳ ಬಲಗೈ ತಾನಾಗಿ ಮೇಲೆದ್ದಿತು. ಅಂಗೈ ಕೆಳಗಾಯಿತು. ಕಾಣದ ಬೆಕ್ಕಿನ ಬೆನ್ನು ಸವರಿದ ಹಾಗೆ ಮೆಲ್ಲಗೆ ಇಳಿಯಿತು.

ದುರಗೇಶ ಹಲಗೆಯ ಮೇಲೆ ಅಂಗೈ ಊರಿ ಸದ್ದು ನಿಲ್ಲಿಸಿದ. ಅವನ ಮದುವೆಯ ಫೋಟೋವೂ ಅದೇ ಸ್ಟುಡಿಯೋದ್ದು. ಪಾರ್ಕಿನವರು ನಿಂತರು, ಅವರನ್ನು ನೋಡಿ ಬಜಾರದವರು, ಬಜಾರದವರನ್ನು ನೋಡಿ ಬೀಗರು. ಊರಿನಲ್ಲಿ ಈ ಕೈಗೆ ಒಮ್ಮೆಯಾದರೂ ಉಸಿರು ಹಿಡಿಯದವರು ಯಾರಿದ್ದರು? ಏರಿ ಇಳಿದ ಅಷ್ಟೂ ಮಂದಿಯ ಕಾಲಡಿ ಗರಸು ಮಾತ್ರ ಚರಚರ ಎಂದಿತು.

ಹಕ್ಕಿ ಎದ್ದಿತು. ಒಂದು ಸುತ್ತು ಕೂಗಿತು. ಮಲ್ಲೇಶ್ವರಿ ನೆಲಕ್ಕೆ ಕೂತಳು. ರೌಫ ಕೂತ, ಪಕ್ಕೀರವ್ವ “ಶಿವಾ” ಎಂದು ಮೊಣಕಾಲು ಹಿಡಿದುಕೊಂಡು ಕೂತಳು. ನೋಡನೋಡುತ್ತ ಸಮಾಧಿಗಳ ನಡುವೆ ಇಡೀ ಊರು ಕೂತಿತು. ನಿಂತವರು ಇಳಿಸುವ ನಾಲ್ವರು ಮಾತ್ರ. ಅಜ್ಜಾರು ಕುಣಿಯ ಅಂಚಿಗೆ ಬಗ್ಗಿ ಪಿಸುಮಾತಿನಲ್ಲಿ ಮಂತ್ರ ಹೇಳಿದರು.

“ಕೇಳ್ತೈತೇನ್ರಿ ಅಜ್ಜಾರ?” ಎಂದ ಅಂದಪ್ಪ, ಅವನೂ ಪಿಸುಗುಟ್ಟಿ.

“ಶಿವನ ಕಿವಿ ಛಲೋ ಅದಾವ. ನೀ ಹಿಡಿ ಲಗೂನ.”

ಪತ್ರಿ ಬಿತ್ತು, ವಿಭೂತಿ ಬಿತ್ತು, ಮಣ್ಣು ಬಿತ್ತು. ಕಳಕಮ್ಮನ ಎಡಗಡೆ, ಅವಳು ತನಗೆ ಬಲಗಡೆ ಬರುವ ಹಾಗೆ, ಕೊಟ್ರಬಸಪ್ಪ ಕೂತ. ಹಕ್ಕಿ ಇಳಿದು, ನಾಲ್ಕು ಹೆಜ್ಜೆ ಓಡಿ ನಿಂತು, ಮತ್ತೆ ನಾಲ್ಕು ಹೆಜ್ಜೆ ಓಡಿ, ಕೂತವರನ್ನೆಲ್ಲ ಒಂದು ಸುತ್ತು ನೋಡಿತು. ಎದೆಯ ಪುಕ್ಕ ಬಿಡಿಸಿ ತತ್ತಿಗಳ ಮೇಲೆ ಕೂತಿತು.

ಯಾರೂ ಏಳಲಿಲ್ಲ. ಕ್ಯಾಮೆರಾ ಮಲ್ಲೇಶ್ವರಿಯ ಹೆಗಲಲ್ಲೇ ಇತ್ತು, ಅವಳು ಎತ್ತಲಿಲ್ಲ.

ಮಂದಿ ಬಗ್ಗಿಕೊಂಡೇ ಒಬ್ಬೊಬ್ಬರಾಗಿ ಹಿಂದೆ ಸರಿದು ಹೋದಮೇಲೆ ಅಂದಪ್ಪ ಉಳಿದ. ಮೂರನೇ ದಿನದ ಪೂಜೆಗೆ ಬರುವವರನ್ನು ಎಲ್ಲಿ ತಡೆಯಬೇಕು ಎಂಬುದು ತಿಳಿಯಬೇಕಲ್ಲ, ಎಂದ. ಹೊಸ ಮಣ್ಣಿನ ಅಂಚಿಗೆ ಟೇಪಿನ ತುದಿಯ ಮೇಲೆ ಒಂದು ಹೆಂಟೆ ಇಟ್ಟ. ಕೂತಲ್ಲೇ ಸರಿಯುತ್ತ, ಬಟ್ಟೆ ಅಂಗಡಿಯ ಗಾದಿಯ ಮೇಲೆ ಸರಿದ ಹಾಗೆ, ವೈನಿಯ ಸಮಾಧಿಯ ಬುಡದಲ್ಲಿ ಹಾದು, ಟೇಪು ಮುಗಿದಲ್ಲೆಲ್ಲ ಇನ್ನೊಂದು ಹೆಂಟೆ ಇಟ್ಟು, ಅಣ್ಣನ ಬಿಳಿ ಕಲ್ಲಿನ ತನಕ ಅಳೆದ. ಹಕ್ಕಿ ಅವನನ್ನು ನೋಡುತ್ತಲೇ ಇತ್ತು. ಎದ್ದು ಹೋಗಲಿಲ್ಲ.

ಅಂದಪ್ಪ ಅಳತೆ ಕೂಡಿಸಿದ. ಹನ್ನೊಂದು ಅಡಿ ಎರಡು ಇಂಚು.